ಎರಡನೆಯ ಎಡೆ

ಅವ್ವ ಕೆಂಪಾಜಮ್ಮ ಪಿತೃಪಕ್ಷದ ಎಡೆಗೆ ಧೂಪ ಹಾಕಿ ಎದ್ದಾಗಲೇ, ರಜೆಯ ಮೇಲೆ ಹಂಪಾಪುರಕ್ಕೆ ಬಂದಿದ್ದ ಸಿಪಾಯಿ ಅಂಕಯ್ಯನಿಗೆ ಎರಡು ಬಾಳೆ ಎಲೆ ಕಂಡದ್ದು. ಒಂದರ ಮುಂದೆ ತಮ್ಮ ಮಾದನ ಗಾಂಧಿ ಟೋಪಿ. ಚಳವಳಿಯ ಮೆರವಣಿಗೆಯ ಮೇಲೆ ಅಂಕಯ್ಯನ ತುಕಡಿ ಗುಂಡು ಹಾರಿಸಿದ ದಿನ ಮಾದ ಮುಂದಿನ ಸಾಲಿನಲ್ಲಿದ್ದು ಸತ್ತಿದ್ದ. ಇನ್ನೊಂದರ ಮುಂದೆ ಅಂಕಯ್ಯನದೇ ಹಳೆಯ ಅಂಗಿ, ಅವನಿಗಿಷ್ಟವಾದ ಹುರುಳಿ ಉಪ್ಸಾರು.

"ಕಣ್ಣು ಮುಚ್ಕಂಡೇ ಹಾರಿಸ್ದೆ ಕಣವ್ವ. ಯಾರ್ಗೆ ಬಿತ್ತೋ ಕಾಣೆ."

ಸತ್ತವರು ಬಂದು ಉಣ್ಣಲೆಂದು ಮನೆಯವರೆಲ್ಲ ಹೊರಗೆ ಹೋಗಿ ಬಾಗಿಲು ಹಾಕುವ ಹೊತ್ತು. ಅಂಕಯ್ಯನೂ ಹೊರಟ. ಅವ್ವ ಅವನ ಎದೆಗೆ ಕೈಯಿಟ್ಟು ತಡೆದಳು.

"ನೀನೆಲ್ಲಿಗ್ಲಾ? ನಿನ್ ತಮ್ಮ ಒಬ್ನೇ ಉಣ್ಣಾಕಿಲ್ಲ. ಕೂತ್ಕೊ."

ಹೊರಗಿನಿಂದ ಚಿಲಕ ಬಿತ್ತು.