ಎರಡು ಡುಬ್ಬದ ಅಲೆ

ಒಂದು ಪ್ರಯೋಗಕ್ಕೆ ತಗಲುವ ಖರ್ಚು: ಒಂದು ತಾಮ್ರದ ತಗಡು, ಒಂದು ಹಿಡಿ ಕಲ್ಲಿನ ಪುಡಿ, ಆಮೇಲೆ ಉಕ್ಕಿನ ಕೊಳವೆಯೊಳಗೆ ಕೈ ಹಾಕಿ ಪುಡಿಯನ್ನು ಉಜ್ಜಿ ತೆಗೆಯಲು ಪ್ರಯೋಗಶಾಲೆಯ ಬಾತಿಮಾಳ ಇಡೀ ಮಧ್ಯಾಹ್ನ. ಅದನ್ನೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ತಗಲುವ ಖರ್ಚು: ಅವಳ ಕಿರಿಯ ಸಹೋದ್ಯೋಗಿ ದೌರೆನ್ ಕುಡಿಯುವ ಚಹಾ. ಹೀಗಾಗಿ ಕರಗಂದಾದ ಕಲ್ಲಿದ್ದಲು ಗಣಿಯವರಿಗೆ ದೌರೆನ್ ಮೇಲೇ ಪ್ರೀತಿ ಹೆಚ್ಚು.

ಗಣಿಯ ಸುರಂಗದ ಚಾವಣಿಗೆ ಕಲ್ಲಿನ ಪುಡಿ ಹೊತ್ತ ಹಲಗೆಗಳನ್ನು ತೂಗುಹಾಕಿರುತ್ತಾರೆ. ಒಳಗೆ ಅನಿಲ ಸಿಡಿದರೆ ಬೆಂಕಿಗಿಂತ ಮೊದಲು ಆಘಾತದ ಅಲೆ ಓಡಿ ಬಂದು ಹಲಗೆ ಮಗುಚುತ್ತದೆ. ಹಿಂದೆ ಬರುವ ಬೆಂಕಿ ಆ ಪುಡಿಯ ಮೋಡದಲ್ಲಿ ಸಾಯುತ್ತದೆ. ಬಾತಿಮಾ ಕೊಳವೆಯಲ್ಲಿ ಒತ್ತಿದ ಗಾಳಿಯಿಂದ ತಗಡು ಸಿಡಿಸಿ, ಅಂಥದೇ ಅಲೆ ಎಬ್ಬಿಸಿ, ಪುಡಿ ಹೇಗೆ ಹರಡುತ್ತದೆಂದು ಅಳೆಯುತ್ತಿದ್ದಳು. ಅಲೆ ಪುಡಿಯನ್ನು ಹೇಗೆ ಹೊತ್ತೊಯ್ಯುತ್ತದೆ ಎಂಬುದಕ್ಕೆ ದೌರೆನ್ ಸಮೀಕರಣ ಕಟ್ಟಿದ್ದ. ಅದರ ಪ್ರಕಾರ ಅರ್ಧದಷ್ಟು ಹಲಗೆ ಸಾಕು. ಉಳಿದವನ್ನು ಇಳಿಸಲು ಗಣಿಯವರು ಸೋಮವಾರದ ವರದಿಗೆ ಕಾದಿದ್ದರು. ಬಾತಿಮಾಳ ಗಂಡ ದಿನವೂ ಓಡಾಡುವುದು ಆ ಹಲಗೆಗಳ ಕೆಳಗೇ.

ದೌರೆನ್ ಮೋಸಗಾರನಲ್ಲ. ಆದರೆ ಬಾತಿಮಾ ಅಳತೆಯ ಚುಕ್ಕಿಗಳನ್ನು ಕೊಟ್ಟರೆ ಸಾಕು, ಇಲ್ಲೊಂದು ಗುಣಾಂಕ ಏರಿಸಿ ಅಲ್ಲೊಂದು ಇಳಿಸಿ ತನ್ನ ಗೆರೆಯನ್ನು ಎಲ್ಲ ಚುಕ್ಕಿಗಳ ಮೇಲೂ ಹಾಯಿಸಿಬಿಡುತ್ತಿದ್ದ. ಎಂದೂ ಒಂದು ಚುಕ್ಕಿ ತಪ್ಪಿರಲಿಲ್ಲ. ಬಾತಿಮಾಳಿಗೆ ಅದೇ ಚಿಂತೆ.

ಗುರುವಾರ ಅವಳು ಅವನ ಕೈಗೆ ಹೊಸ ಚುಕ್ಕಿಗಳ ಹಾಳೆ ಇಟ್ಟಳು. "ಬೇರೆ ಪುಡಿ ಕಣೋ ತಮ್ಮಾ, ವಿಚಿತ್ರವಾಗಿ ಆಡುತ್ತೆ. ನಿನ್ ಕೈಲಾಗುತ್ತಾ ನೋಡು."

ಮರುದಿನ ಬೆಳಿಗ್ಗೆ ದೌರೆನ್ ಕುಣಿಯುತ್ತಲೇ ಬಂದ. "ಕೂತ್ಕೊಂಡ್‌ಬಿಡ್ತು ಅಕ್ಕಾ, ಗೆರೆ ಎಲ್ಲಾ ಚುಕ್ಕಿ ಮೇಲೂ! ನಡುವೆ ಎರಡು ಏರು ಇದೆಯಲ್ಲ, ಮೊದಲನೇದು ಅಲೆ ಬಡಿದದ್ದು. ಎರಡನೇದು ಅದೇ ಅಲೆ ಗೋಡೆಗೆ ಹೊಡೆದು ವಾಪಸ್ ಬಂದದ್ದು."

"ಮುಂದುಗಡೆ ಎತ್ತರಕ್ಕೆ ನಿಂತಿದೆಯಲ್ಲ?"

"ತಗಡು ಹರಿದಾಗಿನ ಅದುರು. ಎಲ್ಲರಿಗೂ ಗೊತ್ತಿರೋದೇ."

"ಕೊನೇಲಿ ಸಣ್ಣಗೆ ಜೋತು ಬಿದ್ದಿದೆಯಲ್ಲ, ಅದು?"

"ಪುಡಿ ಕೆಳಗೆ ಕೂರೋದು. ಅದಕ್ಕೇ ಅಂತ ಒಂದು ಗುಣಾಂಕ ಹಾಕ್ದೆ."

ಬಾತಿಮಾ ಖಾಲಿ ಚಹಾ ಪೊಟ್ಟಣವೊಂದನ್ನು ಬಿಡಿಸಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಅದರ ಮೇಲೆ ದೌರೆನ್‌ನ ಹಾಳೆ ಇಟ್ಟಳು. ಬಿಸಿಲಿಗೆ ಪೊಟ್ಟಣದ ಮೇಲಿನ ಚಿತ್ರ ಹಾಳೆಯೊಳಗಿಂದ ಮೂಡಿತು: ಎರಡು ಡುಬ್ಬದ ಒಂಟೆ. ದೌರೆನ್‌ನ ಗೆರೆ ಅದರ ತಲೆಯೇರಿ, ಕುತ್ತಿಗೆ ಇಳಿದು, ಎರಡೂ ಡುಬ್ಬ ಹತ್ತಿಳಿದು ಹಿಂದಕ್ಕೆ ಸಾಗಿತ್ತು.

"ಪ್ರಯೋಗಾನೇ ಮಾಡಿಲ್ಲ ಕಣೋ," ಎಂದಳು. "ಚುಕ್ಕಿ ಎಲ್ಲಾ ಈ ಒಂಟೆ ಬೆನ್ನಿಂದು. ಬಾಲಾನೂ ಬಿಡಲಿಲ್ಲವಲ್ಲೋ ಮಾರಾಯಾ!"

ದೌರೆನ್‌ನ ಕಿವಿ ಕೆಂಪಾಯಿತು. "ಯಾರಿಗೂ ಹೇಳ್ಬೇಡಿ ಅಕ್ಕಾ."

"ಹೇಳಲ್ಲ. ಆದ್ರೆ ಇವತ್ತು ನಾನು ತಗಡು ಸಿಡಿಸೋಕೆ ಮುಂಚೆ ನಿನ್ನ ಗೆರೆ ಈ ಬಾಗಿಲ ಮೇಲೆ ಬರಿ. ಆಮೇಲೆ ಒರೆಸೋ ಹಾಗಿಲ್ಲ."

ಹೊಂದಿಸಲೆಂದು ತುರುಕಿದ್ದ ಗುಣಾಂಕಗಳನ್ನೆಲ್ಲ ಕಿತ್ತುಹಾಕಿ, ದೌರೆನ್ ಸೀಮೆಸುಣ್ಣದಲ್ಲಿ ಕಬ್ಬಿಣದ ಬಾಗಿಲ ಮೇಲೆ ಗೆರೆ ಎಳೆದ. ತಗಡು ಸಿಡಿಯಿತು, ಕಿಟಕಿ ನಡುಗಿತು. ಬಾತಿಮಾ ನಿಜವಾದ ಅಳತೆಗಳನ್ನು ಒಂದೊಂದಾಗಿ ಅದೇ ಬಾಗಿಲ ಮೇಲೆ ಗುರುತಿಸಿದಳು. ಚುಕ್ಕಿಗಳೆಲ್ಲ ಗೆರೆಗಿಂತ ಒಂದು ಗೇಣು ಕೆಳಗೆ ಬಿದ್ದವು. ಅವನು ಎಣಿಸಿದಷ್ಟು ದೂರ ಪುಡಿ ಹರಡಿರಲೇ ಇಲ್ಲ.

ದೌರೆನ್ ಬಾಗಿಲನ್ನೇ ನೋಡುತ್ತ ನಿಂತ. ತಲೆಗೆ ಏನೋ ಟಕ್ಕೆಂದು ಬಡಿಯಿತು. ಪೆಪ್ಪರಮಿಂಟು. ಇನ್ನೊಂದು, ಆಮೇಲೆ ಒಂದು ಹಿಡಿ. ಮದುವೆ ಮನೆಯಲ್ಲಿ ಹಿರಿಯರು ಶುಭವಾಗಲೆಂದು ಸಿಹಿಯ ಶಾಶು ತೂರುವ ಹಾಗೆ ಬಾತಿಮಾ ಅವನ ಮೇಲೆ ಮಿಠಾಯಿ ತೂರುತ್ತಿದ್ದಳು.

"ತಪ್ಪಾಗಿದ್ದಕ್ಕೂ ಶಾಶುವಾ ಅಕ್ಕಾ?"

"ಇಷ್ಟು ದಿನ ನಿನ್ನ ಸಮೀಕರಣ ನಾನು ಏನು ಕೊಟ್ರೂ ಹೂಂ ಅಂತಿತ್ತು. ಇವತ್ತು ಮೊದಲ್ನೇ ಸಲ ಎದುರು ಮಾತಾಡಿದೆ. ಆಯ್ಕೋ, ಆಯ್ಕೋ, ನೆಲದ ಮೇಲೆ ಬಿಡಬಾರದು."

ಅಂದಿನ ನಷ್ಟ: ಒಂದು ತಾಮ್ರದ ತಗಡು, ಬಾತಿಮಾಳ ಮಧ್ಯಾಹ್ನ, ಸೋಮವಾರದ ವರದಿ. ಲಾಭ: ಗಣಿಯಲ್ಲಿ ಒಂದು ಹಲಗೆಯೂ ಕೆಳಗಿಳಿಯಲಿಲ್ಲ.