ಎತ್ತಿ ನೋಡುವ ವಾಡಿಕೆ

ಚಿಕ್ಕಮ್ಮ ಇವತ್ತು ನನ್ನನ್ನು ಎತ್ತದೆ ಬಿಡುವುದಿಲ್ಲವಲ್ಲ ಎಂಬುದೊಂದೇ ಬೆಳಗಿನಿಂದ ನನ್ನ ಚಿಂತೆ.

ಮನಸ್ಸು ಕುಗ್ಗಿದರೆ ನಮ್ಮ ಮೈತೂಕ ಏರುತ್ತದೆ. ಅದಕ್ಕೇ ಮನೆಗೆ ಬಂದವರು ಎಲ್ಲರನ್ನೂ ಸೊಂಟ ಹಿಡಿದು ಗೇಣುದ್ದ ಎತ್ತಿ ನೋಡುವುದು ವಾಡಿಕೆ. ಒಂದೇ ಮನೆಯವರು ಮಾತ್ರ ಒಬ್ಬರನ್ನೊಬ್ಬರು ಎತ್ತುವುದಿಲ್ಲ. ದಿನಾ ನೋಡುತ್ತೇವಲ್ಲ ಎಂಬ ಧೈರ್ಯ. ಡಿಗ್ರಿ ಮುಗಿದಾಗಿನಿಂದ ನಾನು ಬಂದವರಿಂದ ತಪ್ಪಿಸಿಕೊಳ್ಳುತ್ತಲೇ ಇದ್ದೇನೆ. ಇವತ್ತೂ ಬೇಕೆಂದೇ ಕಣಕ ಕಲಸುತ್ತ ಕೂತೆ.

ಚಿಕ್ಕಮ್ಮ ಬಂದವಳೇ ಅಮ್ಮನನ್ನು ಎತ್ತಿ, "ಅಕ್ಕಾ, ಹಪ್ಪಳದ ಹಾಗಿದ್ದೀಯಲ್ಲೇ!" ಎಂದು ನಕ್ಕಳು. ಆಮೇಲೆ ನನ್ನನ್ನು ಎಬ್ಬಿಸಿ, ಹಿಟ್ಟಿನ ಕೈಯನ್ನೂ ಲೆಕ್ಕಿಸದೆ ತಬ್ಬಿ ಎತ್ತಹೋದಳು. ನಾನು ಅಲುಗಲಿಲ್ಲ.

"ಏನೇ ಮಂದಾಕಿನಿ, ರುಬ್ಬುಗುಂಡು ನುಂಗಿದ್ದೀಯಾ?"

"ಹೋಳಿಗೆ ಮಾಡ್ತಾನೇ ಅರ್ಧ ತಿಂದಿರ್ತಾಳೆ ಬಿಡೇ," ಎಂದಳು ಅಮ್ಮ.

ಚಿಕ್ಕಮ್ಮ ಮತ್ತೊಮ್ಮೆ ಎತ್ತಲು ನೋಡಿದಳು. ಈ ಸಲ ನಗಲಿಲ್ಲ, ಕೈಯನ್ನೂ ಬಿಡಲಿಲ್ಲ. "ಅಕ್ಕಾ, ನೀನೂ ಬಾ. ಆ ಕಡೆ ಹಿಡ್ಕೋ."

ಅಮ್ಮ ಬಂದು ಹಿಡಿದಳು. ಇಬ್ಬರೂ ಸೇರಿದರೂ ನನ್ನ ಕಾಲು ನೆಲ ಬಿಡಲಿಲ್ಲ. ಅಮ್ಮನ ಮುಖ ಬಿಳುಚಿಕೊಂಡಿತು.

"ತಿಂದಿದ್ದಕ್ಕಲ್ಲ ಅಮ್ಮಾ," ಎಂದೆ. "ದಿನಾ ಬೆಳಿಗ್ಗೆ ಹಾಸಿಗೆಯಿಂದ ನನ್ನನ್ನ ನಾನೇ ಎತ್ತೋಕಾಗ್ತಿಲ್ಲ."