ಮುತ್ತಿಗೆ ಮೈಶಾಖ

ನಕಲಿ ಮುತ್ತಿನ ಸರ ಅವಳ ಉಡುಪಿನ ಎಡ ತೋಳಿನೊಳಗಿತ್ತು, ಮಣಿಕಟ್ಟಿನ ಗುಂಡಿ ಹಾಕಿ ಭದ್ರವಾಗಿ. ಅಸಲಿ ಸರ ಕುತ್ತಿಗೆಯಲ್ಲಿತ್ತು. ಅದಲುಬದಲು ಮಾಡುವುದೊಂದೇ ಬಾಕಿ. ಆದರೆ ಯಜಮಾನಿ ಇನ್ನೂ ಬೆನ್ನ ಹಿಂದೆಯೇ ನಿಂತು ಅವಳ ಕೂದಲನ್ನು ಎತ್ತಿ ಗಂಟು ಕಟ್ಟುತ್ತಿದ್ದಳು.

"ಯಾಕೆ ನಡುಗ್ತಿದ್ದೀಯ?"

"ಚಳಿ ಅಮ್ಮಾ."

"ಮುತ್ತಿಗೆ ಚಳಿ ಆಗಬಾರ್ದು. ಅದಕ್ಕೇ ಅಲ್ವಾ ನಿನ್ನ ಇಟ್ಕೊಂಡಿರೋದು?"

ಕೇಳಿದವರು ನಗುವಂಥ ಕೆಲಸ. ಸಂಜೆ ಬಂದು ಯಜಮಾನಿಯ ಮುತ್ತಿನ ಸರ ಧರಿಸಬೇಕು, ಮಹಡಿಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೀದಿಗೆ ಬೆನ್ನು ಹಾಕಿ ಕೂರಬೇಕು. ಪೆಟ್ಟಿಗೆಯಲ್ಲಿಟ್ಟ ಮುತ್ತು ಒಣಗಿ ಕಳೆಗುಂದುತ್ತದಂತೆ, ಮೈಶಾಖ ತಾಗುತ್ತಿದ್ದರೆ ಹೊಳಪು ಉಳಿಯುತ್ತದಂತೆ. ಯಜಮಾನಿಗೋ ಚರ್ಮದ ಕಾಯಿಲೆ, ಸರ ಹಾಕಿಕೊಳ್ಳುವ ಹಾಗಿಲ್ಲ. ಸದಾ ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಂಡು, ಬೆಳಕು ಕಂಡರೆ ಆಗದವಳಂತೆ ಗೋಡೆಯ ಅಂಚಿನಲ್ಲೇ ಓಡಾಡುತ್ತಿದ್ದಳು.

ಇಂಥ ಕೆಲಸ ಅವಳಿಗೆ ಸಿಕ್ಕಿದ್ದು ಸಲೂನಿನಲ್ಲಿ, ಯಾರದೋ ತಲೆ ತೊಳೆಯುತ್ತಿದ್ದಾಗ. ಯಜಮಾನಿ ಅವಳ ಮುಖ ನೋಡಲಿಲ್ಲ, ಊರು ಕೇರಿ ವಿಚಾರಿಸಲಿಲ್ಲ. ಹಿಂದಿನಿಂದ ಕುತ್ತಿಗೆಯನ್ನು ದಿಟ್ಟಿಸಿ ನೋಡಿ, "ನಾಳೆಯಿಂದ ಬಾ" ಎಂದಿದ್ದಳು. ಅದೃಷ್ಟ ಖುಲಾಯಿಸಿದರೆ ಹೀಗೇ ಎಂದು ಇವಳು ಹಿರಿಹಿರಿ ಹಿಗ್ಗಿದ್ದಳು. ತೊಡಲು ಯಜಮಾನಿಯ ಬೂದು ರೇಷ್ಮೆಯ ಉಡುಪೇ ಸಿಕ್ಕಿತು. ಒರಟು ಬಟ್ಟೆ ಉಜ್ಜಿದರೆ ಮುತ್ತಿಗೆ ಗೀರು ಬೀಳುತ್ತದೆ ಎಂದು ಅದಕ್ಕೂ ಒಂದು ಕಾರಣವಿತ್ತು.

ಅಡುಗೆಯವಳು ಮಾತ್ರ ಮೊದಲ ದಿನವೇ ಮುಖ ತಿರುಗಿಸಿದ್ದಳು. "ನಿನ್ನ ಹೆಸರು ಹೇಳ್ಬೇಡ ತಾಯಿ. ಹಿಂದಿನವಳ ಹೆಸರೇ ಇನ್ನೂ ಮರೆಯೋಕಾಗಿಲ್ಲ."

"ಯಾಕೆ, ಏನಾಯ್ತು ಅವಳಿಗೆ?"

ಅಡುಗೆಯವಳು ಪಾತ್ರೆ ಉಜ್ಜತೊಡಗಿದಳು. ಯಜಮಾನಿಯನ್ನು ಕೇಳಿದಾಗ, "ಅವಳಿಗೆ ಕೂತಲ್ಲಿ ಕೂರೋಕೆ ಬರ್ತಿರಲಿಲ್ಲ. ಹೋದ್ಲು" ಎಂದಷ್ಟೇ ಹೇಳಿದಳು. ಇವಳು ಒಳಗೊಳಗೇ ನಕ್ಕಳು. ಸರ ಹೊಡೆದುಕೊಂಡು ಪರಾರಿಯಾಗಲು ನೋಡಿರಬೇಕು, ಪೆದ್ದಿ. ಬದಲಿಗೆ ಇನ್ನೊಂದು ಸರ ಇಡಬೇಕೆಂಬ ಬುದ್ಧಿ ಓಡಿರಲಿಕ್ಕಿಲ್ಲ.

ಆ ಬುದ್ಧಿಯನ್ನು ಇವಳಿಗೆ ಕೊಟ್ಟವನು ಅಕ್ಕನ ಗಂಡ. ನಾಟಕದವರಿಗೆ ಕಿರೀಟ, ಹಾರ ಬಾಡಿಗೆಗೆ ಕೊಡುವ ಭಾವನಿಗೆ ನಕಲಿ ಮುತ್ತು ಪೋಣಿಸುವುದು ನೀರು ಕುಡಿದಷ್ಟು ಸುಲಭ. "ಯಾವುದು ಯಾವುದು ಅಂತ ಗೊಂದಲ ಆದ್ರೆ ಹಲ್ಲಿಗೆ ಉಜ್ಜಿ ನೋಡು" ಎಂದು ಕಲಿಸಿದ್ದ. "ಅಸಲಿ ಆದ್ರೆ ಸಣ್ಣ ಮರಳಿನ ಹಾಗೆ ತರಿತರಿ. ನಕಲಿ ನುಣ್ಣಗೆ ಜಾರುತ್ತೆ." ಸಿಕ್ಕಿಬಿದ್ದರೆ ಜೈಲು. ಸಿಗದಿದ್ದರೆ ಕಂಡವರ ತಲೆ ತೊಳೆಯುವುದು ಈ ಜನ್ಮಕ್ಕೆ ಸಾಕು.

ಮನೆಯ ಮೇಲೆ ಒಂದು ಕರಿನೆರಳು ಇತ್ತು ಎಂಬುದನ್ನು ಅವಳೂ ಬಲ್ಲಳು. ಯಜಮಾನಿಯ ಗಂಡ ಒಡವೆ ವ್ಯಾಪಾರಿ. ಅವನನ್ನು ಅಂಗಡಿಯ ಬಾಗಿಲಲ್ಲೇ ಯಾರೋ ಗುಂಡಿಕ್ಕಿ ಕೊಂದಿದ್ದರು. ದರೋಡೆ ಎಂದರು ಪೊಲೀಸರು. ಒಂದು ಉಂಗುರವೂ ಹೋಗಿರಲಿಲ್ಲ. ಈಗ ಅಂಗಡಿಗೆ ಯಜಮಾನಿಯೇ ಒಡತಿ, ಮೈದುನನಿಗೆ ಹೊಟ್ಟೆಯುರಿ. ದೊಡ್ಡವರ ಮನೆಯ ಜಗಳ, ನಮಗ್ಯಾಕೆ ಎಂದು ಇವಳು ಅದನ್ನು ಕೊಡವಿಹಾಕಿದ್ದಳು.

ಗಂಟು ಮುಗಿಯಿತು. ಯಜಮಾನಿ ಶೀಶೆ ಎತ್ತಿ ಅವಳ ಕೂದಲಿಗೆ, ಕುತ್ತಿಗೆಗೆ ಬುಸಬುಸನೆ ಸುಗಂಧ ಸಿಂಪಡಿಸಿದಳು. ಮುತ್ತುಗಳೆಲ್ಲ ಒದ್ದೆಯಾದವು. ಸುಗಂಧ ಮುತ್ತಿಗೆ ವಿಷ, ಸರ ಯಾವಾಗಲೂ ಕೊನೆಗೆ ಧರಿಸಬೇಕು ಎಂದು ಪಾಠ ಹೇಳಿದ್ದವಳೂ ಯಜಮಾನಿಯೇ. ವಯಸ್ಸಾಯಿತು, ಮರೆವು ಎಂದುಕೊಂಡಳು.

"ನಾನು ಹೋಗಿ ದೀಪ ಹಾಕ್ತೀನಿ. ಅಲ್ಲಾಡ್ಬೇಡ."

ಸ್ವಿಚ್ ಇದ್ದದ್ದು ಹೊರಗಿನ ಪಡಸಾಲೆಯಲ್ಲಿ. ಯಜಮಾನಿ ಗೋಡೆ ಹಿಡಿದು ನಿಧಾನವಾಗಿ ನಡೆದಳು, ಬಾಗಿಲು ಎಳೆದುಕೊಂಡಳು. ಕೋಣೆಯಲ್ಲಿ ಮುಸ್ಸಂಜೆಯ ಮಬ್ಬು. ಇದೇ ಸಮಯ. ಅವಳು ಕೊಕ್ಕೆ ಬಿಚ್ಚಿದಳು, ತೋಳಿನಿಂದ ಇನ್ನೊಂದು ಸರ ಎಳೆದಳು. ಕೈ ಬೆವರಿತ್ತು. ಎರಡೂ ಜಾರಿ ಮಡಿಲಿಗೆ ಬಿದ್ದು ಒಂದರೊಳಗೊಂದು ಸುತ್ತಿಕೊಂಡವು.

ಯಾವುದು ಯಾವುದು? ಒಂದನ್ನು ಎತ್ತಿ ಹಲ್ಲಿಗೆ ಉಜ್ಜಿದಳು. ನುಣ್ಣಗಿತ್ತು. ಸರಿ, ಇದು ಭಾವನದು. ಇನ್ನೊಂದನ್ನು ಉಜ್ಜಿದಳು. ಬಾಯಿಗೆ ಸುಗಂಧದ ಕಹಿ ತಾಗಿತು.

ಅದೂ ನುಣ್ಣಗಿತ್ತು.

ಮತ್ತೆ ಉಜ್ಜಿದಳು, ಬೇರೆ ಮುತ್ತು, ಬೇರೆ ಹಲ್ಲು. ಗಾಜಿನ ಮೇಲೆ ಜಾರಿದಂತೆ ಜಾರಿತು. ಏಳಲೆಂದು ಹಿಂದಕ್ಕೆ ಕೈ ಚಾಚಿ ಕಿಟಕಿಯ ಚೌಕಟ್ಟು ಹಿಡಿದಳು. ಹೆಬ್ಬೆರಳು ಗಾಜನ್ನು ಚೌಕಟ್ಟಿಗೆ ಅಂಟಿಸುವ ಮೆತ್ತನೆಯ ಲಪ್ಪದೊಳಗೆ ಹೂತುಹೋಯಿತು. ಉಳಿದ ಗಾಜುಗಳೆಲ್ಲ ಹಳೆಯವು, ಮಸುಕಾದವು. ಅವಳ ಬೆನ್ನಿನ ನೇರಕ್ಕಿದ್ದ ಈ ಒಂದು ಗಾಜು ಮಾತ್ರ ಹೊಸದು, ಅದರ ಲಪ್ಪ ಇನ್ನೂ ಒಣಗಿರಲಿಲ್ಲ.

ದೀಪ ಹತ್ತಿತು. ಬಾಗಿಲಿನಾಚೆಯಿಂದ, ದಪ್ಪ ಗೋಡೆಯ ಮರೆಯಿಂದ ಯಜಮಾನಿಯ ದನಿ ಬಂತು.

"ಕತ್ತು ನೆಟ್ಟಗಿರ್ಲಿ ಕಣೇ."

ಕೆಳಗೆ ಬೀದಿಯಲ್ಲಿ ಕಾರೊಂದು ಬಂದು ನಿಂತಿತು. ಯಾರೂ ಇಳಿಯಲಿಲ್ಲ.

ನಕಲಿ ಮುತ್ತಿಗೆ ಯಾರ ಮೈಶಾಖವೂ ಬೇಕಿರಲಿಲ್ಲ. ಈ ಕಿಟಕಿಗೆ ಬೇಕಾಗಿದ್ದದ್ದು ಹಿಂದಿನಿಂದ ಯಜಮಾನಿಯಂತೆಯೇ ಕಾಣುವ ಒಂದು ಕುತ್ತಿಗೆ.